ಅಕ್ಕ ಬರೆದ ಪ್ರೋಗ್ರಾಂನ ಎಡಭಾಗ

ಆ ಬೆಳಿಗ್ಗೆ ಅಕ್ಕ ಅರ್ಧ ನೀರುದೋಸೆ ಬಿಟ್ಟು ಎದ್ದಳು. ತಟ್ಟೆಯ ಬಲಗಡೆ ಖಾಲಿ. ಎಡಗಡೆಯ ದೋಸೆ, ಅದರ ಬದಿಯ ಚಟ್ನಿ ಹಾಗೆಯೇ ಇದ್ದವು. ನನಗೆ ಸಿಟ್ಟು ಬಂತು. ಪುತ್ತಿಗೆಯ ಶಾಲೆಯಲ್ಲಿ ನಿವೃತ್ತಿಯವರೆಗೂ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ತಟ್ಟೆಯಲ್ಲಿ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

"ಇದು ಯಾರಿಗೆ ಬಿಟ್ಟದ್ದು?" ಎಂದೆ.

"ಎಂತ ಬಿಟ್ಟೆ? ತಟ್ಟೆ ಖಾಲಿ ಉಂಟಲ್ಲ."

ತಮಾಷೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಕನ್ನಡಿಯ ಮುಂದಿನಿಂದ ನನ್ನ ಕಡೆ ತಿರುಗಿದಳು.

ಅರ್ಧ ತಲೆ ಮಾತ್ರ ಬಾಚಿದ್ದಳು.

ಪಕ್ಕದ ಮನೆಯವರ ಕಾರಿನಲ್ಲಿ ಮೂಡಬಿದಿರೆಯಿಂದ ಮಂಗಳೂರಿಗೆ ಓಡಿದೆವು. ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಆಯಿತು. ಸ್ಟ್ರೋಕ್ ಎಂದರು. ಎಡಗೈಯಲ್ಲಿ ಬಲ ಕಡಿಮೆಯಾಗಿತ್ತು. ಮಾತಿಗೇನೂ ಆಗಿರಲಿಲ್ಲ.

"ಕಣ್ಣು ಸರಿ ಉಂಟು. ಪೆಟ್ಟಾದದ್ದು ಮೆದುಳಿನ ಬಲಭಾಗಕ್ಕೆ," ಎಂದರು ಡಾಕ್ಟರು. "ಎಡಗಡೆ ಏನಾದರೂ ಉಂಟು ಅಂತಲೇ ಅವರಿಗೆ ಗೊತ್ತಾಗುದಿಲ್ಲ. ನೆಗ್ಲೆಕ್ಟ್ ಅಂತ ಹೇಳ್ತೇವೆ."

"ಗುಣ ಆಗ್ತದಾ ಡಾಕ್ಟ್ರೇ?"

"ಸ್ವಲ್ಪ ಆಗಬಹುದು. ಎಷ್ಟು ಅಂತ ಈಗ ಹೇಳ್ಲಿಕ್ಕೆ ಬರುದಿಲ್ಲ."

ಹನ್ನೊಂದು ದಿನ ವಾರ್ಡಿನಲ್ಲಿದ್ದೆವು. ಜೈನರಾದ ನಾವು ಕತ್ತಲಾದ ಮೇಲೆ ಉಣ್ಣುವವರಲ್ಲ. ಆಸ್ಪತ್ರೆಯ ಊಟ ಬರುವುದು ಏಳೂವರೆಗೆ. ಐದು ಗಂಟೆಗೇ ನಾನು ಕ್ಯಾಂಟೀನಿನಿಂದ ಗಂಜಿ ತಂದು ಅವಳಿಗೆ ಉಣಿಸುತ್ತಿದ್ದೆ. ಬಟ್ಟಲನ್ನು ಅರ್ಧ ಸುತ್ತು ತಿರುಗಿಸಿದರೆ ಉಳಿದ ಗಂಜಿ ಅವಳಿಗೆ ಕಾಣುತ್ತಿತ್ತು. "ಮತ್ತೆ ಹಾಕಿದೆಯಾ?" ಎಂದು ಗೊಣಗುತ್ತಿದ್ದಳು. ನಾನು ಕಾರಿಡಾರಿಗೆ ಹೋಗಿ ಅತ್ತು ಬರುತ್ತಿದ್ದೆ.

ನನ್ನ ಅಕ್ಕ ಯಾರೆಂದು ಇಲ್ಲಿ ಹೇಳಲೇಬೇಕು. ಹೆಸರು ವಿಮಲಾ. ಹುಟ್ಟಿದ್ದು ಅಳದಂಗಡಿಯಲ್ಲಿ. ನಮ್ಮ ಕಡೆಯವರು ಕಂಪ್ಯೂಟರನ್ನು ಫೋಟೋದಲ್ಲಷ್ಟೇ ನೋಡಿದ್ದ ಕಾಲದಲ್ಲಿ ಮೂಡಬಿದಿರೆಯ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಪ್ರೋಗ್ರಾಮಿಂಗ್ ಕಲಿಸಿದವಳು. ಟಿ.ವಿ.ಗೆ ಜೋಡಿಸುವ ಸಣ್ಣ ಕಂಪ್ಯೂಟರ್. ಬರೆದದ್ದನ್ನು ಉಳಿಸಲಿಕ್ಕೆ ಟೇಪ್‌ರೆಕಾರ್ಡರಿನ ಕ್ಯಾಸೆಟ್. ಅದರಲ್ಲಿ ಅವಳು ಒಂದು ಆಟ ಬರೆದಳು. ಚೆನ್ನೆಮಣೆ, ಬೇರೆ ಕಡೆ ಅಳಗುಳಿಮಣೆ ಅನ್ನುತ್ತಾರಲ್ಲ, ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಮೊದಲು ಆಡುವವರ ಹೆಸರು ಕೇಳುತ್ತದೆ. ಆಮೇಲೆ ನೀವೊಮ್ಮೆ ಆಡಿದರೆ ಕಂಪ್ಯೂಟರ್ ಒಮ್ಮೆ ಆಡುತ್ತದೆ. ಯಾವ ಪುಸ್ತಕ ನೋಡಿಯೂ ಬರೆದದ್ದಲ್ಲ. ಎಲ್ಲಾ ಅವಳ ತಲೆಯದು.

ಬರೆದದ್ದಕ್ಕೆ ಕಾರಣ ನಾನು. ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬುದು ತುಳುನಾಡಿನಲ್ಲಿ ಕಟ್ಟುನಿಟ್ಟು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ ಹುಡುಗಿಯರು. ಮಳೆಗಾಲದ ಆಟಿ ತಿಂಗಳಿನಲ್ಲಿ ಅಟ್ಟದಿಂದ ಮಣೆ ಕೆಳಗಿಳಿದರೂ ನಾನು ಅಮ್ಮನ ಪುರುಸೊತ್ತು ಕಾಯಬೇಕಿತ್ತು. ಅದಕ್ಕೆ ಅಕ್ಕ ತನ್ನ ಬದಲಿಗೆ ಕಂಪ್ಯೂಟರನ್ನು ಕೂರಿಸಿದಳು. ಅಮ್ಮನೂ ತಕರಾರು ತೆಗೆಯಲಿಲ್ಲ. ಆಮೇಲೆ ಮಾಳಿಗೆಗೆ ಬಂದವರೆಲ್ಲ ಆಡಿದರು, ಬಹಳ ಮಂದಿ ಸೋತರು. ನಾನು ಮಾತ್ರ ಯಾವಾಗಲೂ ಗೆಲ್ಲುತ್ತಿದ್ದೆ. ಅದನ್ನು ಶಿರ್ತಾಡಿಯವರೆಗೂ ಹೇಳಿಕೊಂಡು ತಿರುಗಿದ್ದೇನೆ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಉಳಿದದ್ದು ಅವಳು ಆ ಪ್ರೋಗ್ರಾಂ ಅನ್ನು ಕೈಯಲ್ಲಿ ಬರೆದಿಟ್ಟ ಒಂದು ನೋಟ್‌ಬುಕ್.

ಆರಂಭದ ಕಾಲದ ಪ್ರೋಗ್ರಾಮರ್‌ಗಳ ನೆನಪುಗಳನ್ನು ಅವರದೇ ದನಿಯಲ್ಲಿ ದಾಖಲು ಮಾಡುತ್ತಿದ್ದ ರಮ್ಲತ್ ಎಂಬ ಬಂಟ್ವಾಳದ ಹುಡುಗಿ ಸ್ಟ್ರೋಕಿಗೆ ಮೊದಲೇ ಫೋನ್ ಮಾಡಿದ್ದಳು. ಆಗ ಅಕ್ಕ "ಬರುವ ತಿಂಗಳು ನೋಡುವ" ಎಂದು ಮುಂದೂಡಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳೇ ಹಟ ಹಿಡಿದು ಕರೆಸಿದಳು.

ರಮ್ಲತ್ ರೆಕಾರ್ಡರ್ ಇಟ್ಟಳು. ಅಕ್ಕ ನೋಟ್‌ಬುಕ್ ತೆರೆದು ಓದತೊಡಗಿದಳು. ಎರಡು ನಿಮಿಷಕ್ಕೇ ಆ ಹುಡುಗಿಯ ಮುಖ ಸಣ್ಣದಾಯಿತು. ಆ ಕಾಲದ ಪ್ರೋಗ್ರಾಂನಲ್ಲಿ ಪ್ರತಿ ಸಾಲಿಗೂ ಎಡತುದಿಯಲ್ಲಿ ಒಂದು ನಂಬರ್ ಇರುತ್ತದೆ. ಇಂಥ ನಂಬರಿಗೆ ಹೋಗು, ಅಲ್ಲಿಂದ ಇಂಥದಕ್ಕೆ ಹೋಗು ಎಂದೇ ಇಡೀ ಆಟ ನಡೆಯುವುದು. ಅಕ್ಕನಿಗೆ ಒಂದು ನಂಬರೂ ಕಾಣುತ್ತಿರಲಿಲ್ಲ. ಪ್ರತಿ ಸಾಲನ್ನೂ ನಡುವಿನಿಂದ ಓದುತ್ತಿದ್ದಳು. ಅವಳಿಗೇ ಅನುಮಾನ ಬಂದು ನಿಲ್ಲಿಸಿದಳು.

"ಇದು ನಾನು ಬರೆದದ್ದಲ್ಲ. ಇಷ್ಟು ದಡ್ಡತನದ್ದು ನಾನು ಬರಿಯುದಿಲ್ಲ."

"ಮೇಡಂ, ನಾನು ಪುಟಗಳ ಫೋಟೋ ತೆಗಿಯಬಹುದಾ?" ಎಂದು ರಮ್ಲತ್ ಮೆಲ್ಲಗೆ ಕೇಳಿದಳು.

"ಬೇಡ ಮಗಾ. ಓದಿ ಹೇಳ್ಲಿಕ್ಕೆ ನನಗೆ ಬಂದ ಮೇಲೆ ತೆಗಿ. ಸರಿ ಇಲ್ಲದ್ದನ್ನು ಇಡಬೇಡ."

ಆ ದಿನ ಅಕ್ಕ ಊಟ ಮಾಡಲಿಲ್ಲ. ನನಗೋ ದೊಡ್ಡ ಹೆದರಿಕೆ ಹೊಕ್ಕಿತು. ಇನ್ನೊಂದು ಸ್ಟ್ರೋಕ್ ಬಂದರೆ? ಯಾವ ಸಾಲು ಯಾಕೆ ಬರೆದದ್ದೆಂದು ತಿಳಿದವಳು ಲೋಕದಲ್ಲಿ ಇವಳೊಬ್ಬಳೇ. ಹಾಳೆ ಉಳಿದೀತು, ಅಕ್ಕ ಯೋಚಿಸಿದ ರೀತಿ ಹೋಗಿಬಿಡುತ್ತದೆ.

ಫಿಸಿಯೋಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟರು. ಹಾಳೆಯ ಎಡತುದಿಗೆ ದಪ್ಪ ಕೆಂಪು ಗೆರೆ ಎಳೆಯಬೇಕು. ಕೆಂಪು ಸಿಗುವವರೆಗೆ ತಲೆ ತಿರುಗಿಸಿ, ಅಲ್ಲಿಂದ ಓದಬೇಕು. ನಾನು ಯಾವಾಗಲೂ ಅವಳ ಎಡಗಡೆಯೇ ಕೂರಬೇಕು, ಎಡಗಡೆಯಿಂದಲೇ ಮಾತಾಡಿಸಬೇಕು.

ಕೆಂಪು ಶಾಯಿ ನನಗೆ ಹೇಳಿಕೊಡಬೇಕೇ! ದಿನಾ ಮನೆಗೆ ಬರುವ ನ್ಯೂಸ್‌ಪೇಪರಿಗೆ ಗೆರೆ ಎಳೆದೆ. ಅಕ್ಕ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓದಿದಳು. "ಕೆಂಪು ಎಲ್ಲಿ?" ಎಂದು ನಾನು ಕೇಳುವುದು, ಅವಳು ಹುಡುಕುವುದು. ಬೆವರುತ್ತಿದ್ದಳು. ಬಯ್ಯುತ್ತಿದ್ದಳು. "ಒಂದನೇ ಕ್ಲಾಸಿನ ಮಕ್ಕಳಿಗೆ ಮಾಡಿದ ಹಾಗೆ ಮಾಡ್ತೀಯಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ಬಿಡಲಿಲ್ಲ ಮಾತ್ರ. ಎರಡು ತಿಂಗಳು. ಅವಳಿಗೆ ಅರವತ್ತಾರು ವರ್ಷ. ಅಷ್ಟು ಗಟ್ಟಿ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಕೊನೆಗೆ ನೋಟ್‌ಬುಕ್ಕಿನ ಅಷ್ಟೂ ಪುಟಗಳಿಗೆ ಸ್ಕೇಲು ಇಟ್ಟು ಗೆರೆ ಎಳೆದುಕೊಟ್ಟೆ. ಒಳಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದುವ ಗೊಡವೆಗೆ ಹೋಗಲಿಲ್ಲ.

ರಮ್ಲತ್ ಮತ್ತೆ ಬಂದಳು. ಅಕ್ಕ ಪ್ರತಿ ಸಾಲಿಗೂ ಕುತ್ತಿಗೆ ತಿರುಗಿಸಿ, ಕೆಂಪು ಹಿಡಿದು, ನಂಬರಿನಿಂದ ಶುರುಮಾಡಿ ಓದಿದಳು. ಓದಿ ವಿವರಿಸಿದಳು. ಗುಳಿಯಿಂದ ಗುಳಿಗೆ ಕಾಯಿ ಬಿತ್ತುವುದು ಯಾವ ಸಾಲಿನಲ್ಲಿ, ಮೆಮೊರಿ ಸಾಲದೆ ಯಾವುದನ್ನು ಕತ್ತರಿಸಿದ್ದು, ಎಲ್ಲಾ. ನಾನು ಹೆಮ್ಮೆಯಿಂದ ಕೇಳುತ್ತಾ ಕೂತಿದ್ದೆ. ನಾನೂರ ಇಪ್ಪತ್ತನೇ ಸಾಲಿಗೆ ಬಂದು ಅವಳು ತಡೆದಳು.

"ಇದನ್ನು ಓದಬೇಕಾ?"

"ಒಂದೂ ಬಿಡುದು ಬೇಡ ಮೇಡಂ," ಎಂದಳು ರಮ್ಲತ್.

ಅಕ್ಕ ಓದಿದಳು. ಆಡುವವರ ಹೆಸರು ಸುನಂದಾ ಆಗಿದ್ದರೆ ಒಂಬೈನೂರಕ್ಕೆ ಹೋಗು.

ಸುನಂದಾ ನಾನು.

"ಒಂಬೈನೂರರಲ್ಲಿ ಎಂತ ಉಂಟು?" ಎಂದು ಕೇಳಿದೆ.

ರಮ್ಲತ್ ಆ ಪುಟ ನೋಡಿ ನಕ್ಕಳು. "ಟೀಚರೇ, ಅಲ್ಲಿ ಕಂಪ್ಯೂಟರ್ ಒಳ್ಳೆಯ ಗುಳಿ ಬಿಟ್ಟು ಬೇರೆಯದರಿಂದ ಕಾಯಿ ತೆಗಿತದೆ. ನೀವು ಗೆಲ್ಲಲಿಕ್ಕೆ."

ಇಷ್ಟು ವರ್ಷ! ನನಗೆ ನಿಜಕ್ಕೂ ಸಿಟ್ಟು ಬಂತು. "ಯಾಕೆ ಹೀಗೆ ಮಾಡಿದೆ?" ಎಂದೆ.

"ನಿನ್ನೊಟ್ಟಿಗೆ ಕೂತು ಆಡ್ಲಿಕ್ಕೆ ನನಗೆ ಬಿಡ್ಲಿಲ್ಲ ಅಲ್ವಾ," ಎಂದಳು ಅಕ್ಕ. "ಬಿಟ್ಟಿದ್ರೆ ನಾನು ಹೀಗೇ ಆಡ್ತಿದ್ದೆ."

ರೆಕಾರ್ಡರ್ ಓಡುತ್ತಲೇ ಇತ್ತು. ಆ ಮಾತೂ ಈಗ ದಾಖಲೆಯಲ್ಲಿದೆ.

ಅಕ್ಕ ಪೂರ್ತಿ ಗುಣವಾಗಿಲ್ಲ. ರವಿಕೆಯ ಎಡತೋಳು ಈಗಲೂ ಮರೆಯುತ್ತಾಳೆ, ಬಾಗಿಲಿನ ಎಡಪಟ್ಟಿಗೆ ಭುಜ ಬಡಿದುಕೊಳ್ಳುತ್ತಾಳೆ. ಸಿಕ್ಕಿದಷ್ಟಕ್ಕೆ ದೇವರಿಗೆ ಕೈ ಮುಗಿದಿದ್ದೇನೆ.

ಕಳೆದ ವಾರ ರಮ್ಲತ್ ಇಡೀ ಪ್ರೋಗ್ರಾಂ ಟೈಪ್ ಮಾಡಿ ಲ್ಯಾಪ್‌ಟಾಪಿನಲ್ಲಿ ತಂದಳು. ಆಟ ಓಡಿತು. ಕಂಪ್ಯೂಟರ್ ನನ್ನ ಹೆಸರು ಕೇಳಿದಾಗ ಬೇರೊಂದು ಹೆಸರು ಹಾಕಿದೆ. ಅಕ್ಕ ನನ್ನ ಬಲಕ್ಕೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಕಂಪ್ಯೂಟರ್ ನನ್ನ ಗುಳಿಗಳನ್ನು ಒಂದೊಂದಾಗಿ ಬರಿದು ಮಾಡಿತು. ಸೋತೆ, ಸರಿಯಾಗಿ ಸೋತೆ. ನಾನು ಎಡದಿಂದ ಕರೆಯಲಿಲ್ಲ, ಕೆಂಪು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಕ್ಕ ತಾನಾಗಿಯೇ ಎಡಕ್ಕೆ ತಿರುಗಿ, ಸೋತ ನನ್ನ ಮುಖವನ್ನು ನೋಡಿ ನಕ್ಕಳು.