ಗುರುತಿಲ್ಲದ ಹೂಜಿಗಳು

ಕುಣಿಗಲ್ಲಿನ ಭಾವ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆಂದರೆ ನಮ್ಮ ಮನೆಯಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಅವರು ನನ್ನ ದೊಡ್ಡಪ್ಪನ ಅಳಿಯ. ನಮ್ಮ ಹಾಗೆಯೇ ಕುಂಬಾರರು, ಮೊದಲು ಲಾರಿ ಓಡಿಸುತ್ತಿದ್ದವರು. ಹಿಂದೊಮ್ಮೆ ಜನಾಂಗಕ್ಕೆ ಸಮುದಾಯ ಭವನ ಕಟ್ಟಿಸುತ್ತೇನೆಂದು ಚಂದಾ ಎತ್ತಿದ್ದರು. ಅದರ ತಳಪಾಯದ ಮೇಲೆ ಈಗ ಮೇಕೆಗಳು ಮಲಗುತ್ತವೆ. ದುಡ್ಡು ಏನಾಯಿತೆಂದು ಯಾರೂ ಅವರನ್ನು ಕೇಳಲಿಲ್ಲ, ಯಾರೂ ಮರೆಯಲೂ ಇಲ್ಲ.

ಹೋದ ಬೇಸಿಗೆಗೆ ಮುಂಚೆ ಅವರು ನನ್ನ ತವರು ನಿಟ್ಟೂರಿಗೆ ಬಂದಾಗ ನಾನೂ ಮರಳೂರಿನಿಂದ ಅಮ್ಮನನ್ನು ನೋಡಲು ಹೋಗಿದ್ದೆ. ಉತ್ತರದ ಕಡೆಯ ಒಂದು ಕುಂಬಾರರ ಊರು ಭೂಕಂಪಕ್ಕೆ ಕುಸಿದದ್ದನ್ನು ಮೊಬೈಲಿನಲ್ಲಿ ತೋರಿಸಿದರು. ಲಾರಿ ಓಡಿಸುವ ಕಾಲದಲ್ಲಿ ಅಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಊಟ ಮಾಡುತ್ತಿದ್ದರಂತೆ. ಈಗ ಆಕೆಯ ಆವಿಗೆ, ಅಂದರೆ ಮಡಕೆ ಸುಡುವ ಗೂಡು, ನೆಲಸಮವಾಗಿತ್ತು. ಅದನ್ನು ಮತ್ತೆ ಕಟ್ಟುವವರೆಗೆ ಆಕೆಗೆ ದುಡಿಮೆಯಿಲ್ಲ.

“ನೀವು ದುಡ್ಡು ಕೊಡದು ಬ್ಯಾಡ ಅತ್ತೆ. ನಾಕೈದು ಮನೆಯೋರು ಸೇರಿ ನೀರಿನ ಹೂಜಿ ಮಾಡಣ. ನಿಮ್ಮ ಆವಿಗೇಲೇ ಒಟ್ಟಿಗೆ ಸುಟ್ಟು ತುಮಕೂರಲ್ಲಿ ಮಾರಿ, ಬಂದದ್ದನ್ನ ಕಳ್ಸಣ. ಈ ಸಲ ಯಾರೂ ಗುರುತು ಹಾಕ್ಬ್ಯಾಡಿ. ಎಲ್ಲಾ ಆಯಮ್ಮಂದೇ ಅಂತ ಇರ್ಲಿ,” ಎಂದರು ಭಾವ.

ಒಟ್ಟಿಗೆ ಸುಡುವಾಗ ಒಂದೊಂದು ಮನೆಯವರೂ ಮಣ್ಣು ಹಸಿಯಿರುವಾಗಲೇ ಹೂಜಿಯ ಕತ್ತಿನ ಕೆಳಗೆ ಹೆಬ್ಬೆರಳಿನಿಂದ ತಮ್ಮ ಗುರುತು ಒತ್ತುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ನಮ್ಮದು ಅರ್ಧಚಂದ್ರ. ಗುರುತು ಬೇಡವೆಂದವರನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಕೇರಿಯವರೆಲ್ಲ ಆಗಲೆಂದು ತಲೆಯಾಡಿಸಿದರು.

ಅನುಮಾನ ಹುಟ್ಟಿದ್ದು ಹೂಜಿಗಳು ಒಣಗಿದ ಮೇಲೆ. “ನಮ್ಮವನ್ನ ಗುಬ್ಬಿ ಸಂತೇಲಿ ಮಾರ್ಕೊಂಡು ಜೇಬಿಗೆ ಇಳಿಸ್ಕೊಂಡ್ರೆ ಯಾರಿಗ್ ಗೊತ್ತಾಯ್ತದೆ ಕಣೇ?” ಎಂದಳು ಅಮ್ಮ. ನಾನೇನು ಕಡಿಮೆಯೇ? ಗುರುತಿದ್ದರೆ ತುಮಕೂರಿನ ಅಂಗಡಿಗೇ ಹೋಗಿ ನೋಡಿಬರುತ್ತೇನೆಂದು ಉರಿಯುವ ಬೆಂಕಿಗೆ ತುಪ್ಪ ಸುರಿದೆ. ಅಮ್ಮ ಹಿತ್ತಿಲಲ್ಲಿ ಕೂತು ಮೊಳೆ ಹಿಡಿದು ಒಂದೊಂದಕ್ಕೂ ಅರ್ಧಚಂದ್ರ ಗೀಚಿದಳು. ನಾನು ಬಾಗಿಲಲ್ಲಿ ಕಾವಲು ನಿಂತಿದ್ದೆ.

ಆವಿಗೆ ಆರಿದ ದಿನ ಎಲ್ಲ ಮನೆಯವರೂ ಸೇರಿದ್ದರು. ಭಾವ ಬೂದಿ ಸರಿಸಿ ಮೊದಲ ಹೂಜಿಯನ್ನು ತೆಗೆದು ಬೆರಳಿನ ಗೆಣ್ಣಿನಿಂದ ತಟ್ಟಿದರು. ಟಣ್ ಎನ್ನಬೇಕಾದದ್ದು ಬೊದ್ ಎಂದಿತು. ತಿರುಗಿಸಿ ನೋಡಿದರೆ ಅರ್ಧಚಂದ್ರದ ತುದಿಯಿಂದ ಹೊಟ್ಟೆಯವರೆಗೂ ಬಿರುಕು. ಅಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಎರಡನೆಯದರ ಮೇಲೆ ಎದುರು ಮನೆಯವರ ಕತ್ತರಿ ಗುರುತು, ಅದೂ ಬಿರುಕು. ಆಮೇಲೆ ತೆಗೆದದ್ದರ ಮೇಲೆ ಮೂಲೆ ಮನೆಯವರ ಎರಡು ಗೆರೆ. ಒಣಗಿದ ಮಣ್ಣನ್ನು ಗೀಚಿದರೆ ಬೆಂಕಿಯಲ್ಲಿ ಅಲ್ಲಿಂದಲೇ ಬಾಯಿ ಬಿಡುತ್ತದೆಂದು ನಮ್ಮ ಕೇರಿಯ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಅಷ್ಟೂ ಮನೆಯವರು ಒಬ್ಬರಿಗೊಬ್ಬರು ಹೇಳದೆ ಗೀಚಿದ್ದರು.

ಗಟ್ಟಿಯಾಗಿ ಉಳಿದದ್ದು ಗುರುತಿಲ್ಲದವು ಮಾತ್ರ. ಅವು ಭಾವ ತಾವೇ ಮಾಡಿ, ಜೊತೆಗೆ ಸುಡಲೆಂದು ಕುಣಿಗಲ್ಲಿನಿಂದ ಆಟೋದಲ್ಲಿ ಹುಲ್ಲು ಹಾಸಿ ತಂದವು. ಅವರು ಅವನ್ನು ಒಂದು ಪಕ್ಕ ಜೋಡಿಸಿದರೇ ಹೊರತು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ನಾಲ್ಕು ಮಾತು ಬೈದಿದ್ದರೆ ನಾವೂ ತಿರುಗಿ ಸಮುದಾಯ ಭವನದ ವಿಷಯ ಎತ್ತಬಹುದಿತ್ತು.

ಅಷ್ಟರಲ್ಲಿ ಅವರಿಗೆ ಫೋನು ಬಂತು. ಕೈಯೆಲ್ಲ ಬೂದಿಯಾಗಿದ್ದರಿಂದ ಸ್ಪೀಕರ್‌ಗೆ ಹಾಕಿ ಕಲ್ಲಿನ ಮೇಲಿಟ್ಟರು. ಆ ಕಡೆ ಭೂಕಂಪದ ಊರಿನ ಅದೇ ಹೆಂಗಸು. ಆವಿಗೆ ತೆಗೆಯುವ ದಿನವೆಂದು ಆಕೆಗೆ ಹೇಳಿದ್ದರಂತೆ. ನನಗೆ ಅಷ್ಟಿಷ್ಟು ಹಿಂದಿ ಬರುತ್ತದೆ. ಆಕೆ ಹಣದ ಮಾತು ಎತ್ತಲಿಲ್ಲ. ಹೂಜಿಗಳು ಚೆನ್ನಾಗಿ ಬಂದವಾ, ಎಷ್ಟು ಒಡೆದವು ಎಂದು ಕೇಳಿದಳು.

ಭಾವ ಬಿರುಕು ಬಿಟ್ಟ ರಾಶಿಯನ್ನು ನೋಡಿದರು. ಚೆನ್ನಾಗಿ ಬಂದಿವೆ ತಾಯಿ, ಒಂದೂ ಒಡೆದಿಲ್ಲ, ಇಲ್ಲಿನವರ ಕೈ ಒಳ್ಳೆಯದು ಎಂದು ಹಿಂದಿಯಲ್ಲಿ ಹೇಳಿದರು. ಆಕೆ ನಮ್ಮೆಲ್ಲರ ಕೈಗಳನ್ನೂ ಹರಸಿದಳು.

“ಏನಂದ್ರು ಕಣೇ?” ಅಮ್ಮ ಮೆಲ್ಲಗೆ ನನ್ನನ್ನು ಕೇಳಿದಳು.

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಭಾವ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾವು ಕಣ್ಣಾರೆ ಕಂಡದ್ದು ಅದೇ ಮೊದಲು, ಮತ್ತು ಅವತ್ತು ಯಾರೂ ಅವರನ್ನು ತಡೆಯಲಿಲ್ಲ.