ಗದ್ದಲದ ಅಂಕಿಸಾಲು

ಅಲೋಯಿಸ್ ಪ್ರಿಬಿಲ್ಲಾ ಜರ್ಮನಿಯ ಡಾರ್ಟ್‌ಮುಂಡಿನ ಗಣಿಯಲ್ಲಿ ಕಲ್ಲಿದ್ದಲು ಕಡಿದವನು. ಸುರಂಗ ಕುಸಿದಾಗ ಇಬ್ಬರನ್ನು ಹೆಗಲ ಮೇಲೆ ಹೊತ್ತು ತಂದ ಗಟ್ಟಿಗ. ಅವನ ಮಗ ಎವಾಲ್ಡ್ ಉಕ್ಕಿನ ಕುಲುಮೆಯ ಅಬ್ಬರದಲ್ಲಿ ದುಡಿದು ದುಡಿದು ಎರಡೂ ಕಿವಿ ಕಳೆದುಕೊಂಡ. ಎವಾಲ್ಡನ ಮಗಳು ವಿಲ್ಟ್ರುಡ್, ನಮ್ಮ ಬೀದಿಯವಳೇ. ಅವಳ ಕೈಗೆ ಮಸಿ ಹತ್ತಲಿಲ್ಲ, ಅಷ್ಟೇ.

ಶ್ರವಣಯಂತ್ರದ ಕಂಪನಿಯಲ್ಲಿ ಅವಳು ಕಂಪೈಲರ್ ಬರೆಯುತ್ತಿದ್ದಳು. ಪ್ರೋಗ್ರಾಮನ್ನು ಯಂತ್ರದ ಚಿಪ್‌ನ ಭಾಷೆಗೆ ತಿರುಗಿಸುವಾಗ, ಸದ್ದಿನ ಲೆಕ್ಕಕ್ಕೆ ಬೇಕಾದ ಅಂಕಿಗಳ ಸಾಲುಗಳಲ್ಲಿ ಯಾವ ಅಂಕಿಸಾಲು ಎಲ್ಲಿ ಕೂರಬೇಕೆಂದು ಆ ಕಂಪೈಲರೇ ತೀರ್ಮಾನಿಸಬೇಕು. ಚಿಪ್‌ನ ಪಕ್ಕದಲ್ಲೇ ಪುಟ್ಟ ಮೆಮೊರಿ, ದೂರದಲ್ಲಿ ದೊಡ್ಡದು. ದೂರದ್ದನ್ನು ಎಬ್ಬಿಸಿದಾಗಲೆಲ್ಲ ಬ್ಯಾಟರಿ ಸೋರುತ್ತದೆ. ಹಾಗಾಗಿ ಪದೇ ಪದೇ ಬೇಕಾದ ಸಾಲು ಹತ್ತಿರಕ್ಕೆ. ಅಪರೂಪದ್ದು ದೂರಕ್ಕೆ ಹೋಗಿ ಮಲಗಿರಬೇಕು. ಎವಾಲ್ಡ್ ಕುಲುಮೆಯ ಬಳಿ ಇಕ್ಕಳ ಜೋಡಿಸಿಕೊಳ್ಳುತ್ತಿದ್ದುದೂ ಹಾಗೆಯೇ.

ಯಾವುದು ಅಪರೂಪ? ಪ್ರಯೋಗಾಲಯದ ಧ್ವನಿಮುದ್ರಣ ಹಾಕಿ, ಯಾವ ಸಾಲು ಎಷ್ಟು ಸಲ ಬೇಕಾಗುತ್ತದೆಂದು ಎಣಿಸಿದರು. ಸೂಜಿ ಬಿದ್ದರೂ ಕೇಳುವ ಕೋಣೆ, ಯಾರೋ ಒಬ್ಬರು ನಿಧಾನಕ್ಕೆ ಓದುವ ದನಿ. ಗದ್ದಲ ಸೋಸುವ ಸಾಲಿಗೆ ಅಲ್ಲಿ ಕೆಲಸವೇ ಇಲ್ಲ. ಅದು ದೂರ ಹೋಯಿತು.

“ಬಿಯರ್ ಅಂಗಡಿ ಸದ್ದೂ ಹಾಕಿ ನೋಡೋಣ್ವಾ?” ಎಂದಳು ವಿಲ್ಟ್ರುಡ್.

“ಅಲ್ಲಮ್ಮಾ, ಕಿವುಡ್ರಿಗೆ ಬಿಯರ್ ಅಂಗಡೀಲಿ ಏನ್ ಕೆಲ್ಸ?” ಎಂದು ಮೇಲಧಿಕಾರಿ ರೆಮ್ಮರ್ಟ್ ನಕ್ಕ. ಅವಳು ಒಪ್ಪಿಗೆ ಕೊಟ್ಟಳು.

ಮೊದಲ ಯಂತ್ರ ಅವಳ ಅಪ್ಪ ಎವಾಲ್ಡನ ಕಿವಿಗೇ ಹೋಯಿತು. ಮನೆಯಲ್ಲಿ ಸೊಗಸಾಗಿತ್ತು. ಭಾನುವಾರ ಅದನ್ನು ಹಾಕಿಕೊಂಡು, ಮಗಳ ಜೊತೆ ನಮ್ಮ ಪಾರಿವಾಳ ಪಂದ್ಯದ ಸಂಘಕ್ಕೆ ಬಂದ. ಪಂದ್ಯದ ಹಕ್ಕಿಗಳು ಮರಳುವ ಹೊತ್ತು, ಕಿರುಚಾಟ ಕೇಳಬೇಕೆ? ದೂರದಲ್ಲಿ ಮಲಗಿದ್ದ ಗದ್ದಲದ ಸಾಲಿಗೆ ಕಣ್ಣು ಮುಚ್ಚಲು ಬಿಡುವೇ ಸಿಗಲಿಲ್ಲ. ಊಟಕ್ಕೆ ಮೊದಲೇ ಬ್ಯಾಟರಿ ಸತ್ತಿತು. ಅವನ ಹಕ್ಕಿಯೇ ಗೆದ್ದಿದ್ದು. ನಾವು ಕೂಗಿದ್ದು ಅವನಿಗೆ ತಿಳಿಯಲಿಲ್ಲ.

“ಏನಯ್ಯಾ ಎವಾಲ್ಡ್, ಕಿವೀಲಿ ಆಲೂಗಡ್ಡೆ ಬಿತ್ತಿದ್ಯೇನೋ?” ಎಂದ ಸಂಘದ ಕುನೋ. ಎಲ್ಲರೂ ನಕ್ಕರು. ಎಲ್ಲರೂ ನಗುತ್ತಾರೆಂದು ಎವಾಲ್ಡನೂ ನಕ್ಕ. ಮಗಳು ನೋಡುತ್ತ ನಿಂತಿದ್ದಳು. ಆಮೇಲೆ ಯಾರೋ, ಎಲ್ಲರೂ ನಕ್ಕಿದ್ದು ಅವನನ್ನು ನೋಡಿಯೇ ಎಂದು ಸನ್ನೆಯಲ್ಲಿ ತಿಳಿಸಿದರು. ಅವನು ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ.

ವಿಲ್ಟ್ರುಡ್ ಗದ್ದಲದ ಸಾಲನ್ನು ಹತ್ತಿರಕ್ಕೆ ತಂದು, ಅಲ್ಲಿದ್ದ ಬೇರೊಂದನ್ನು ದೂರ ಕಳಿಸಿದಳು. ಸಂಘದಂಥ ಗದ್ದಲದಲ್ಲೂ ಯಂತ್ರ ಸಂಜೆಯವರೆಗೆ ನಡೆಯುವಂತಾಯಿತು. ಆದರೆ ಮೌನದ ಕೋಣೆಯಲ್ಲಿ ಬ್ಯಾಟರಿ ತುಸು ಬೇಗ ಮುಗಿಯಿತು. ಆ ಕೋಣೆಯಲ್ಲಿ ಅಳೆದು ಡಬ್ಬಿಯ ಮೇಲೆ ಅಚ್ಚು ಹಾಕಿದ ಬ್ಯಾಟರಿ ಗಂಟೆಗಳ ಲೆಕ್ಕ ಸುಳ್ಳಾಗುತ್ತದೆಂದು ರೆಮ್ಮರ್ಟ್ ತಳ್ಳಿಹಾಕಿದ. ಆಮೇಲೆ ದನಿ ತಗ್ಗಿಸಿ ಹೇಳಿದ: “ನಿಮ್ಮಪ್ಪಂಗೆ ಮಾತ್ರ ಹೊಸದನ್ನ ಹಾಕ್ಕೊಡ್ತೀನಿ. ಯಾರ್ಗೂ ಹೇಳ್ಬೇಡ.”

“ಬೇಡ. ಸಂಘದಲ್ಲಿ ಅಪ್ಪನ ಪಕ್ಕ ಕೂರ್ತಿದ್ದ ಕುಲುಮೆಯವ್ರೆಲ್ಲ ಕಿವುಡ್ರೇ. ಅವ್ರ ಮಧ್ಯೆ ಇವ್ರೊಬ್ರೇ ಕೇಳಿಸ್ಕೊಂಡು ಯಾರ್ ಜೊತೆ ಮಾತಾಡ್ಬೇಕು? ಹಾಕೋದಾದ್ರೆ ಎಲ್ರಿಗೂ ಹಾಕಿ. ಇಲ್ಲಾಂದ್ರೆ ಅಪ್ಪನ ಯಂತ್ರಾನೂ ತಗೊಂಡು ನಿಮ್ಮ ಆ ಮೌನದ ಕೋಣೇಲೇ ಇಟ್ಕೊಳ್ಳಿ.”