ಸುಲಿತ ಮುಗಿಯುವವರೆಗೆ ಬಿಟ್ಟ ಮಾತ್ರೆ

ಸರೋಜಕ್ಕನಿಗೆ ಇವತ್ತು ಬೆಳಿಗ್ಗೆ ಎರಡನೇ ಸಲ ಹೃದಯಾಘಾತವಾಯಿತು. ನನಗೆ ಫೋನ್ ಮಾಡಿ ತಿಳಿಸಿದವರು ಮುತ್ತಿನಕೊಪ್ಪದಲ್ಲಿ ಅವರ ಜೊತೆ ಕೂಲಿಗೆ ಅಡಿಕೆ ಸುಲಿಯುವ ನಾಗವೇಣಿ. ಇಬ್ಬರನ್ನೂ ನನ್ನ ಕಾರಿನಲ್ಲೇ ನರಸಿಂಹರಾಜಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನಾಲ್ಕು ತಿಂಗಳ ಹಿಂದೆ ಸರೋಜಕ್ಕನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಡಾಕ್ಟರು ಅವರ ಚೀಲದಲ್ಲಿ ಹಾಗೇ ಉಳಿದಿದ್ದ ಮಾತ್ರೆ ನೋಡಿ, "ಇದನ್ನು ಯಾವಾಗ ಬಿಟ್ರಿ?" ಎಂದರು.

"ಬಿಟ್ಟಿಲ್ಲ ಡಾಕ್ಟ್ರೇ. ಸುಲಿತ ಮುಗಿದ ಮೇಲೆ ತಗಳಣ ಅಂತ ಇಟ್ಟಿದೀನಿ. ಅದು ತಗಂಡ್ರೆ ಕೈಗೆ ಕತ್ತಿ ತಾಗಿದಾಗ ರಕ್ತ ನಿಲ್ಲೋದೇ ಇಲ್ಲ. ಅಡಿಕೆಗೆಲ್ಲ ರಕ್ತ ಆದ್ರೆ ತೋಟದ ಯಜಮಾನ್ರು ಸುಮ್ನಿರ್ತಾರಾ?"

"ರಕ್ತ ಹೆಪ್ಪುಗಟ್ಟಬಾರದು ಅಂತಲೇ ಆ ಮಾತ್ರೆ ಕೊಟ್ಟಿದ್ದು ಅಮ್ಮ. ಈಗ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿರೋ ಹಾಗಿದೆ."

"ಇದನ್ನ ಆಗ್ಲೇ ಯಾರಾದ್ರೂ ಹೇಳಿದ್ರೆ ತಗಳ್ತಿದ್ದೆ."

ಹೇಳಿರಲೂಬಹುದು. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಕೊಟ್ಟ ಚೀಟಿ ನೋಡಿದೆ. ಎರಡು ಪುಟ, ಪೂರ್ತಿ ಇಂಗ್ಲಿಷ್. ಸರೋಜಕ್ಕ ಓದುವುದು ಬಸ್ಸಿನ ಬೋರ್ಡು ಮಾತ್ರ.

ಹೊರಗೆ ನಾಗವೇಣಿ ಗೋಡೆ ಹಿಡಿದು ನಿಂತಿದ್ದರು. "ನಾನೇ ಹೇಳಿದ್ದು ಮಾರಾಯ್ರೇ, ಸುಲಿತ ಮುಗಿಯೋವರೆಗೆ ಬಿಡು, ಎಂತದೂ ಆಗಲ್ಲ ಅಂತ. ನಮ್ಮತ್ತೆನೂ ಹಂಗೇ ಬಿಡ್ತಿದ್ರು."

"ಅತ್ತೆ ಈಗ ಹೇಗಿದ್ದಾರೆ?" ಎಂದು ಕೇಳಿದೆ.

"ಹೋದ ವರ್ಷ ತೀರಿಕೊಂಡ್ರು."

ಸ್ನೇಹಿತರೇ, ನಮ್ಮ ಕಡೆ ಡಾಕ್ಟರ ಚೀಟಿಗಿಂತ ಪಕ್ಕದಲ್ಲಿ ಕೂತು ಸುಲಿಯುವವರ ಮಾತಿಗೇ ಬೆಲೆ ಹೆಚ್ಚು. ಅವರು ಕನ್ನಡದಲ್ಲಿ ಹೇಳುತ್ತಾರೆ.

ಹನ್ನೊಂದೂವರೆಗೆ ಸರೋಜಕ್ಕನನ್ನು ಕರೆದುಕೊಂಡು ಆಂಬುಲೆನ್ಸ್ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊರಟಿತು. ತಲುಪಿದ ಕೂಡಲೇ ಆಂಜಿಯೋಗ್ರಾಮ್ ಮಾಡುತ್ತಾರೆ.